ಗೋಪಾಳದ ಹಳೇ ಮನೆ ಮಾರಬೇಕು, ಬ್ರೋಕರ್ ಬೇಕಾ ಬೇಡ್ವಾ?

ಹಿತ್ತಲ ಬಸಳೆ:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಗೋಪಾಳದಲ್ಲಿ ನಮ್ಮ ಅಪ್ಪ 1994ರಲ್ಲಿ ಕಟ್ಟಿಸಿದ ಮನೆ ಇದೆ. 30-40 ಸೈಟು, ಎರಡು ರೂಮು, ಮೇಲೆ ಟೆರೇಸು, ಅದರ ಅರ್ಧಕ್ಕೆ ಶೀಟು. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅಮ್ಮ ಈಗ ಬೆಂಗಳೂರಿನಲ್ಲಿ ನನ್ನ ಜೊತೆ ಇದ್ದಾರೆ. ಅಣ್ಣ ಪುಣೆಯಲ್ಲಿ. ಬೀಗ ಹಾಕಿದ ಮನೆ ಒಂದು ಮಳೆಗಾಲಕ್ಕೇ ಬೂಷ್ಟು ಹಿಡಿದಿದೆ. ಇನ್ನೊಂದು ಮಳೆಗಾಲ ಕಾಯುವುದು ಬೇಡ, ಮಾರಿಬಿಡೋಣ ಅಂತ ಮೂವರೂ ಒಪ್ಪಿದ್ದೇವೆ.

ಪಕ್ಕದ ಮನೆ ಅಂಕಲ್ 65 ಲಕ್ಷಕ್ಕೆ ಕೇಳುತ್ತಿದ್ದಾರೆ. ನಮ್ಮ ಮನೆ ಕೀಲಿ ಅವರ ಹತ್ತಿರವೇ ಇದೆ. ತುಳಸಿಗೆ ನೀರು ಹಾಕುವುದೂ ಅವರೇ. "ಬ್ರೋಕರ್ ಗೀಕರ್ ಎಲ್ಲ ಯಾಕಮ್ಮ, ನಮ್ಮ ನಮ್ಮಲ್ಲೇ ಮುಗಿಸೋಣ" ಅಂತಾರೆ. ಅಣ್ಣನೂ ಅದನ್ನೇ ಹೇಳುತ್ತಾನೆ. ಗೊತ್ತಿರುವ ಬ್ರೋಕರ್ ಒಬ್ಬರು 2 ಪರ್ಸೆಂಟ್ ಕೇಳಿದರು. 65 ಲಕ್ಷಕ್ಕೆ 1 ಲಕ್ಷ 30 ಸಾವಿರ! ಬರೀ ಜನ ಕರೆದುಕೊಂಡು ಬಂದು ಮನೆ ತೋರಿಸುವುದಕ್ಕೆ ಇಷ್ಟು ಕೊಡಬೇಕಾ? ಅನುಭವ ಇದ್ದವರು ಹೇಳಿ.

ಸವಳಂಗ ರೋಡ್ ಸವಾರ:

ಬೇಡವೇ ಬೇಡ. ನಮ್ಮ ಸೈಟನ್ನು ನಾವೇ ಮಾರಿದೆವು. ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದು ಭಾನುವಾರ, ಗುರುವಾರ ಪಾರ್ಟಿ ಸಿಕ್ಕಿತು. ಕಮಿಷನ್ ದುಡ್ಡಿನಲ್ಲಿ ಸ್ಕೂಟರ್ ತಗೊಂಡೆ. ಪಕ್ಕದವರೇ ಕೇಳುತ್ತಿರುವಾಗ ಇನ್ನೇನು ಬೇಕು?

ಅಡಕೆ ಚೊಗರು:

ಸವಾರರೇ, ನಿಮ್ಮದು ಖಾಲಿ ಸೈಟು, ನೀವೂ ಊರಲ್ಲೇ ಇದ್ದೀರಿ. ಇವರದ್ದು ಬೇರೆ ಕಥೆ.

ತಂಗೀ, ನಾನು ಸಾಗರದ ಕಡೆಯವನು. ಎರಡೂವರೆ ಎಕರೆ ತೋಟ. ಮಗಳ ಪಿಯುಸಿಗೆ ಅಂತ 2021ರಲ್ಲಿ ಶಿವಮೊಗ್ಗದಲ್ಲಿ ಮನೆ ಹುಡುಕಲು ಹೊರಟೆ. ಅಡಿಕೆ ಮಂಡಿಯಲ್ಲಿ ಕ್ವಿಂಟಾಲಿಗೆ ಇನ್ನೂರು ರೂಪಾಯಿಗೋಸ್ಕರ ಅರ್ಧ ದಿನ ಕೂತವನು ನಾನು. ನನಗ್ಯಾಕೆ ಬ್ರೋಕರ್ ಅಂದುಕೊಂಡೆ.

ಹೊಳೆಗೆ ಹತ್ತಿರದ ಬೀದಿಯಲ್ಲಿ ಒಂದು ಮನೆ ಇಷ್ಟವಾಯಿತು. ಮಾಲೀಕರು ರಿಟೈರ್ ಆದವರು, ಬಹಳ ಮರ್ಯಾದಸ್ಥರು. ಒಳಗೆ ಕರೆದು ಕೋಡುಬಳೆ, ಕಾಫಿ ಕೊಟ್ಟರು. ಮಾತಿಗೆ ಮಾತು ಬಂದು ಅವರ ಹೆಂಡತಿ ನನ್ನ ಹೆಂಡತಿಯ ಸೋದರತ್ತೆಯ ಊರಿನವರು ಅಂತ ಗೊತ್ತಾಯಿತು. ಅಲ್ಲಿಗೆ ನನ್ನ ವ್ಯಾಪಾರ ಮುಗಿಯಿತು. ಅವರು 58 ಅಂದರು. 54 ಅಂತ ನನ್ನ ಬಾಯಿಗೆ ಬಂದದ್ದು ಕೋಡುಬಳೆ ಜೊತೆ ಒಳಗೆ ಹೋಯಿತು. ಮಲೆನಾಡಿನವರ ದಾಕ್ಷಿಣ್ಯ ನಿಮಗೆ ಹೊಸತಲ್ಲವಲ್ಲ. ಇಸಿ (ಆಸ್ತಿ ಮೇಲಿನ ಸಾಲ, ವ್ಯವಹಾರಗಳ ದಾಖಲೆ) ತೋರಿಸಿ ಅನ್ನಲೂ ನಾಚಿಕೆ! ಅಗ್ರಿಮೆಂಟ್ ಇಲ್ಲದೆ ಲಕ್ಷ ರೂಪಾಯಿಯ ಚೆಕ್ ಕೊಟ್ಟು ಬಂದೆ.

ಆಮೇಲೆ ನೋಡಿದರೆ ಮನೆ ಮೇಲೆ ಬ್ಯಾಂಕ್ ಸಾಲ. ಮಾಲೀಕರ ತಂಗಿಗೂ ಪಾಲಿದೆ, ಆಕೆ ಸಹಿ ಹಾಕಲು ತಯಾರಿಲ್ಲ. ಲಕ್ಷ ವಾಪಸ್ ಬರಲು ಎಂಟು ತಿಂಗಳು ಹಿಡಿಯಿತು, ಅದೂ ಮೂರು ಕಂತಿನಲ್ಲಿ. ಜೋರು ಮಾಡೋಣ ಅಂದರೆ ಮದುವೆ ಮನೆಗಳಲ್ಲಿ ಎದುರಾಗುತ್ತಾರೆ.

ಅದಾದ ಮೇಲೆ ಹೆಂಡತಿಯ ತಮ್ಮ ಒಬ್ಬ ಬ್ರೋಕರನ್ನು ಗೊತ್ತುಮಾಡಿಕೊಟ್ಟ. ನಾನು ಆ ಮನೆ ಕಥೆ ಹೇಳಿದೆ. ಅವನು ಪೂರ್ತಿ ಕೇಳಲೂ ಇಲ್ಲ. "ಸಾರ್, ಹಾಲ್ ಗೋಡೆಗೆ ಸೊಂಟದವರೆಗೆ ಟೈಲ್ಸ್ ಹಾಕಿದ್ದರಲ್ಲ, ಯಾಕೆ ಅಂದುಕೊಂಡ್ರಿ?" ಅಂದ. ನಾನು ಚಂದಕ್ಕೆ ಅಂದುಕೊಂಡಿದ್ದೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ಆ ಬೀದಿಗೆ ನೀರು ನುಗ್ಗಿತ್ತಂತೆ.

ವಿನೋಬನಗರದಲ್ಲಿ ಅವನು ತೋರಿಸಿದ ಮನೆಯಲ್ಲಿ ಮಾಲೀಕರಿಗೆ ಅವನ ಮೊದಲ ಪ್ರಶ್ನೆ ರೇಟಿನದ್ದಲ್ಲ. "ನಿಮ್ಮ ತಂದೆಗೆ ಹೆಣ್ಣುಮಕ್ಕಳು ಎಷ್ಟು ಜನ?" ಆ ಪ್ರಶ್ನೆಯನ್ನು ನಾನು ಕೇಳಿದ್ದರೆ ಜಗಳ. ಅವನು ಕೇಳಿದರೆ ಕೆಲಸ! ಆಮೇಲೆ ಟೇಪು ಹಿಡಿದು ಅಳೆದ. ಪತ್ರದಲ್ಲಿ 40 ಅಡಿ, ನೆಲದ ಮೇಲೆ ಮೂವತ್ತೆಂಟೂವರೆ. ರೇಟು ಮಾತಾಡುವ ದಿನ ನನ್ನನ್ನು ಒಳಗೆ ಬಿಡಲೇ ಇಲ್ಲ, ಮೂಲೆಯ ಚಹಾ ಅಂಗಡಿಯಲ್ಲಿ ಕೂರಿಸಿದ. ಆ ಒಂದೂವರೆ ಅಡಿ ಹಿಡಿದುಕೊಂಡು ಎರಡು ದಿನ ಅತ್ತಿಂದಿತ್ತ ಓಡಾಡಿ 65 ಇದ್ದದ್ದನ್ನು 61ಕ್ಕೆ ತಂದ. 1 ಪರ್ಸೆಂಟ್, ಅಂದರೆ 61 ಸಾವಿರ ತಗೊಂಡ. ಆ ಮಾಲೀಕರ ಮನೆಯಲ್ಲಿ ನಾನು ಕಾಫಿ ಕುಡಿದದ್ದು ರಿಜಿಸ್ಟ್ರೇಷನ್ ಆದ ಮೇಲೆಯೇ.

ಈಗ ನಿಮ್ಮ ವಿಷಯ. ನಿಮ್ಮ ಮನೆ ಊರಲ್ಲಿ ಯಾರಿಗಾದರೂ ಹೆಚ್ಚು ಬೆಲೆ ಬಾಳುತ್ತದೆ ಅಂದರೆ ಅದು ಆ ಅಂಕಲ್‌ಗೇ. ಎರಡು ಸೈಟು ಸೇರಿದರೆ ಅವರಿಗೆ ದೊಡ್ಡ ಜಾಗ. ಬೇರೆಯವರಿಗಿಂತ ಜಾಸ್ತಿ ಕೊಡಬೇಕಾದವರು ಅವರು, ಆದರೆ ಹರಾಜಿಗೆ ಕೂತಿರುವುದು ಅವರೊಬ್ಬರೇ! ಬ್ರೋಕರ್ ನಾಲ್ಕು ಪಾರ್ಟಿ ಕರೆತಂದರೆ 65 ನ್ಯಾಯವೋ ಅಲ್ಲವೋ ಗೊತ್ತಾಗುತ್ತದೆ. ನ್ಯಾಯವೇ ಆಗಿದ್ದರೆ ಅಂಕಲ್‌ಗೇ ಕೊಡಿ, ಬ್ರೋಕರ್‌ಗೆ 2 ಬದಲು 1 ಕೊಡುವ ಮಾತು ಮೊದಲೇ ಆಡಿಟ್ಟುಕೊಳ್ಳಿ. ನೀವು ಬೆಂಗಳೂರಿನಲ್ಲಿದ್ದೀರಿ. ಬಂದವರಿಗೆಲ್ಲ ಬಾಗಿಲು ತೆಗೆಯುವವರು ಯಾರು? ಲೋನ್ ಆಗದ ಪಾರ್ಟಿಯನ್ನು ಗೇಟಿನಲ್ಲೇ ತಿರುಗಿಸುವವರು ಯಾರು?

ಹಾಗಂತ ಎಲ್ಲರೂ ಸಾಚಾ ಅಲ್ಲ. ಕೊಳ್ಳುವವರ ಹತ್ತಿರವೂ ಕಮಿಷನ್ ತಗೊಳ್ಳುವುದು ಇಲ್ಲಿ ಮಾಮೂಲು. ಅವನು ಯಾರ ಕಡೆ ಅಂತ ಮೊದಲೇ ಕೇಳಿ. ಕಮಿಷನ್ ಎಷ್ಟು, ಯಾವಾಗ ಅಂತ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ದುಡ್ಡು ರಿಜಿಸ್ಟ್ರೇಷನ್ ದಿನ. ಓಡಾಟ ತಪ್ಪುತ್ತದೆ ಅಂತ ಜಿಪಿಎ (ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ಮಾತ್ರ ಮಾಡಿಕೊಡಬೇಡಿ.

ಹಳೇ ಛಾಪಾ ಕಾಗದ:

ದಸ್ತಾವೇಜು ಬರಹಗಾರರ ಹತ್ತಿರ ಇಪ್ಪತ್ತು ವರ್ಷ ಕೆಲಸ ಮಾಡಿದವಳು ನಾನು. ಬ್ರೋಕರ್ ಬೇಕು ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ಬ್ರೋಕರ್ ವಕೀಲ ಅಲ್ಲ, ಕಾಗದ ವಕೀಲರಿಗೇ ತೋರಿಸಿ.

ಖಾತಾ, ಅಂದರೆ ಪಾಲಿಕೆಯಲ್ಲಿರುವ ಆಸ್ತಿ ದಾಖಲೆ, ಇನ್ನೂ ತಂದೆಯವರ ಹೆಸರಿನಲ್ಲೇ ಇದೆಯಾ? ಹಾಗಿದ್ದರೆ ಪಾರ್ಟಿ ಹುಡುಕುವ ಮೊದಲು ಅದನ್ನು ಸರಿಮಾಡಿಸಿ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಇಟ್ಟು ನಗರ ಪಾಲಿಕೆಯಲ್ಲಿ ತಾಯಿ, ಅಣ್ಣ, ನೀವು ಮೂವರ ಹೆಸರಿಗೆ ಖಾತಾ ಬದಲಾಯಿಸಬೇಕು. ಇ-ಖಾತಾ (ಅದೇ ಖಾತಾದ ಆನ್‌ಲೈನ್ ರೂಪ) ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಊರಲ್ಲಿರುವ ಒಳ್ಳೆ ಬ್ರೋಕರ್ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ. ಯಾವ ಕಾಗದ ಯಾವ ಟೇಬಲ್ಲಿನಲ್ಲಿ ನಿಂತಿದೆ ಅಂತ ಫೋನಿನಲ್ಲಿ ಗೊತ್ತಾಗುವುದಿಲ್ಲ. 1994ರ ಮನೆ ಅಂದರೆ ಹಳೆಯ ವರ್ಷಗಳ ಇಸಿಗೆ ಸಬ್ ರಿಜಿಸ್ಟ್ರಾರ್ ಆಫೀಸಿನ ಪುಸ್ತಕವನ್ನೂ ನೋಡಿಸಬೇಕಾಗಬಹುದು.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರುವ ಏಜೆಂಟೇ ಆಗಬೇಕಾ ಅಂತ ಕೆಲವರು ಕೇಳುತ್ತಾರೆ. 2016ರ ಕಾಯ್ದೆಯಲ್ಲಿ ಅದು ಕಡ್ಡಾಯ ಆಗಿರುವುದು ರೇರಾದಲ್ಲಿ ನೋಂದಣಿಯಾದ ಹೊಸ ಲೇಔಟು, ಅಪಾರ್ಟ್‌ಮೆಂಟ್ ಮಾರುವವರಿಗೆ. ನಿಮ್ಮ ಹಳೇ ಮನೆಗೆ ಅದು ಬೇಕಿಲ್ಲ.

ಇನ್ನೊಂದು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟಿಗೆ ಏರಿದೆ. ಅದು ಕೊಳ್ಳುವವರ ಖರ್ಚು. "ಪತ್ರದಲ್ಲಿ ಕಡಿಮೆ ತೋರಿಸೋಣ, ಉಳಿದದ್ದು ಕೈಗೆ" ಅಂತ ಶುರುಮಾಡುತ್ತಾರೆ. ಒಪ್ಪಬೇಡಿ. ಅಡ್ವಾನ್ಸನ್ನೂ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ತಗೊಂಡರೆ ಅಷ್ಟೇ ಮೊತ್ತದ ದಂಡ ತಗೊಂಡವರ ಮೇಲೆ ಬೀಳುತ್ತದೆ. 50 ಲಕ್ಷ ದಾಟಿದ ವ್ಯವಹಾರ ಆದ್ದರಿಂದ ಕೊಳ್ಳುವವರು 1 ಪರ್ಸೆಂಟ್ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಉಳಿದದ್ದು ಕೊಡುತ್ತಾರೆ. ಗಾಬರಿ ಬೇಡ, ಅದು ನಿಮ್ಮ ಪ್ಯಾನ್‌ಗೇ ಜಮೆ ಆಗುತ್ತದೆ.

ಹಿತ್ತಲ ಬಸಳೆ:

ಎಲ್ಲರಿಗೂ ಥ್ಯಾಂಕ್ಸ್. ಖಾತಾ ಅಪ್ಪನ ಹೆಸರಲ್ಲೇ ಇದೆ. ಅದು ನಮಗೆ ಹೊಳೆದೇ ಇರಲಿಲ್ಲ. ಚೊಗರಣ್ಣನ ಕೋಡುಬಳೆ ಕಥೆಯನ್ನು ಅಮ್ಮನಿಗೆ ಓದಿ ಹೇಳಿದೆ. ನಕ್ಕು ನಕ್ಕು ಕೊನೆಗೆ, "ಅಂಕಲ್ ಹೋದ ತಿಂಗಳು ಹಲಸಿನಕಾಯಿ ಹಪ್ಪಳ ಕಳಿಸಿದ್ದರಲ್ಲೇ" ಅಂತ ಸಪ್ಪೆ ಮುಖ ಮಾಡಿದರು. ಅಣ್ಣನೂ ಈಗ ಬ್ರೋಕರ್ ಇರಲಿ ಅನ್ನುತ್ತಿದ್ದಾನೆ.

ಒಂದೇ ತೊಂದರೆ. ಬ್ರೋಕರ್ ಮನೆ ತೋರಿಸಬೇಕು ಅಂದರೆ ಅಂಕಲ್ ಹತ್ತಿರ ಕೀಲಿ ವಾಪಸ್ ಕೇಳಬೇಕು. ಹೇಗೆ ಕೇಳುವುದು?

ಅಡಕೆ ಚೊಗರು:

ಅದಕ್ಕೂ ಬ್ರೋಕರನ್ನೇ ಕಳಿಸಿ ತಂಗೀ. ನೀವು ಹೋದರೆ ಇನ್ನೊಂದು ಕಟ್ಟು ಹಪ್ಪಳ ಹಿಡಿದುಕೊಂಡು, ಕೀಲಿ ಅಲ್ಲೇ ಬಿಟ್ಟು ಬರುತ್ತೀರಿ.