ವೆಂಟಿಲೇಟರ್ ಮೇಲಿರುವ ರೋಗಿಯ ಶಿಫ್ಟಿಂಗ್: ಚೆಕ್‌ಲಿಸ್ಟ್‌ನಲ್ಲಿ ಏನಿರಲೇಬೇಕು?

ಕರಡು_ಪ್ರತಿ: ಐಸಿಯುನಿಂದ ಸಿಟಿ ಸ್ಕ್ಯಾನ್‌ಗೆ, ಕೆಲವೊಮ್ಮೆ ಬೇರೆ ಆಸ್ಪತ್ರೆಗೆ, ವೆಂಟಿಲೇಟರ್ ಮೇಲಿರುವವರನ್ನು ಕರೆದೊಯ್ಯಲು ಚೆಕ್‌ಲಿಸ್ಟ್ ಬರೆಯುತ್ತಿದ್ದೇವೆ. ಕರಡು ಈಗಲೇ ಎರಡು ಪುಟ ದಾಟಿದೆ. ಹೀಗೇ ಬಿಟ್ಟರೆ ಯಾರೂ ಓದದೆ ಟಿಕ್ ಹಾಕುತ್ತಾರೆ. ಯಾವುದನ್ನು ಉಳಿಸಬೇಕು? ಆಕ್ಸಿಜನ್ ಲೆಕ್ಕ ಹೇಗೆ? ನಾರ್‌ಅಡ್ರಿನಲಿನ್ (ಬಿಪಿ ಏರಿಸುವ ಔಷಧಿ) ಓಡುತ್ತಿದ್ದರೂ ದಾರಿಯಲ್ಲಿ ಬಿಪಿ ಕುಸಿಯುವುದೇಕೆ?

ಅನೆಸ್ತೀಶಿಯಾ_ಟೇಬಲ್: ಲೆಕ್ಕ ಸುಲಭ. ಸಿಲಿಂಡರ್‌ನ ನೀರಿನ ಸಾಮರ್ಥ್ಯವನ್ನು (ಲೀಟರ್) ಗೇಜ್ ತೋರಿಸುವ ಬಾರ್‌ನಿಂದ ಗುಣಿಸಿ. 10 ಲೀಟರ್ ಸಿಲಿಂಡರ್, ಗೇಜ್ 80 ಬಾರ್ ಅಂದರೆ ಸುಮಾರು 800 ಲೀಟರ್ ಗ್ಯಾಸ್. ಗೇಜ್ ಪಿಎಸ್‌ಐನಲ್ಲಿದ್ದರೆ ಮೊದಲು 14.5ರಿಂದ ಭಾಗಿಸಿ.

ಖರ್ಚು: ನೂರಕ್ಕೆ ನೂರು ಆಕ್ಸಿಜನ್‌ನಲ್ಲಿ ಮಿನಿಟ್ ವಾಲ್ಯೂಮ್ (ನಿಮಿಷಕ್ಕೆ ರೋಗಿಗೆ ಹೋಗುವ ಉಸಿರು) 8 ಲೀಟರ್, ಜತೆಗೆ ಯಂತ್ರ ತಾನೇ ಬಳಸುವ ಗ್ಯಾಸ್ (ಮ್ಯಾನ್ಯುಯಲ್ ನೋಡಿ, ಇಲ್ಲಿ 2 ಎಂದಿಟ್ಟುಕೊಳ್ಳಿ). ನಿಮಿಷಕ್ಕೆ 10, 45 ನಿಮಿಷಕ್ಕೆ 450, ಇಮ್ಮಡಿ ಮಾಡಿದರೆ 900. 800 ಲೀಟರ್ ಇದ್ದವರು ಹೊರಡಬಾರದು. ಇಮ್ಮಡಿ ಏಕೆಂದರೆ ಲಿಫ್ಟ್ ನಿಲ್ಲುತ್ತದೆ, ಸ್ಕ್ಯಾನರ್ ಖಾಲಿ ಇರುವುದಿಲ್ಲ. ಹೈ ಫ್ಲೋ ನೇಸಲ್‌ನಲ್ಲಿ (ಮೂಗಿನ ಕೊಳವೆಯಿಂದ ಜೋರಾಗಿ ಆಕ್ಸಿಜನ್ ಕೊಡುವ ವಿಧಾನ) ನಿಮಿಷಕ್ಕೆ 50 ಲೀಟರ್ ಆಕ್ಸಿಜನ್ ಹರಿದರೆ 150 ಬಾರ್ ತುಂಬಿದ ಅದೇ ಸಿಲಿಂಡರ್ ಅರ್ಧ ಗಂಟೆಗೆ ಖಾಲಿ. ಅಂಥವರ ವಿಷಯದಲ್ಲಿ ಸಿಲಿಂಡರ್ ಎಣಿಸುವ ಮುಂಚೆ ಶಿಫ್ಟ್ ಬೇಕೇ ಎಂದು ಯೋಚಿಸಿ.

ಇನ್ನೊಂದು ಮಾತು. ಟ್ರಾನ್ಸ್‌ಪೋರ್ಟ್ ವೆಂಟಿಲೇಟರ್ ಅನ್ನು ಬಾಗಿಲ ಬಳಿ ಹಾಕಬೇಡಿ. ಹಾಸಿಗೆಯಲ್ಲೇ ಜೋಡಿಸಿ, ಹತ್ತು ಹದಿನೈದು ನಿಮಿಷ ನೋಡಿ, ಆಮೇಲೆ ಹೊರಡಿ. ಶ್ವಾಸನಾಳದ ಒತ್ತಡ ಏರುವುದು, ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) ಇಳಿಯುವುದು ಅಲ್ಲೇ ಕಂಡುಬಿಟ್ಟರೆ ಕಾರಿಡಾರ್‌ನಲ್ಲಿ ಪರದಾಟವಿಲ್ಲ.

ಸಿಸ್ಟರ್_ನೈಟ್: ಬಿಪಿ ಪ್ರಶ್ನೆಗೆ. ಸಿರಿಂಜ್ ಪಂಪ್ ಮೇಲಕ್ಕೆತ್ತಿದರೆ ಔಷಧಿ ಒಮ್ಮೆಲೇ ಒಳಗೆ ನುಗ್ಗಿ ಬಿಪಿ ಜಿಗಿಯುತ್ತದೆ. ಕೆಳಗಿಳಿಸಿದರೆ ಹರಿವು ಸ್ವಲ್ಪ ಹೊತ್ತು ನಿಂತುಹೋಗುತ್ತದೆ. ಗಂಟೆಗೆ 2 ಮಿಲಿ ಓಡುವಾಗ ಬಿಪಿ ಕುಸಿಯಲು ಆ ತಡವೇ ಸಾಕು. ಪಂಪನ್ನು ರೋಗಿಯ ಎದೆ ಮಟ್ಟದಲ್ಲಿ ಇರಿಸಿ, ರೋಗಿಯನ್ನು ಎಳೆಯುವ ಹೊತ್ತಿಗೆ ಕೈ ಬಿಡಬೇಡಿ. ಹೊಸ ಸಿರಿಂಜ್ ಬೇಕಿದ್ದರೆ ಹೊರಡುವ ಮುಂಚೆಯೇ ಬದಲಿಸಿ, ಪಂಪ್ ಸಿರಿಂಜನ್ನು ಬಿಗಿಯಾಗಿ ಒತ್ತಿ ಹಿಡಿದಿದೆಯೇ ನೋಡಿ. ಇನ್ನೊಂದು ಐವಿ ಲೈನ್ ಕಣ್ಣಿಗೆ ಕಾಣುವಂತಿರಲಿ, ಹೊದಿಕೆ ಕೆಳಗಲ್ಲ.

ಸ್ಟ್ರೆಚರ್‌ಗೆ ಎತ್ತುವಾಗ ಆಜ್ಞೆ ಒಬ್ಬರದೇ: ತಲೆಯ ಬಳಿ ಉಸಿರಾಟದ ಟ್ಯೂಬ್ ಹಿಡಿದವರದು. ಹಾಸಿಗೆ, ಸ್ಟ್ರೆಚರ್ ಎರಡರ ಬ್ರೇಕೂ ಹಾಕಿದ್ದು ಕೇಳಿಸುವ ಹಾಗೆ ಹೇಳಬೇಕು. ಟ್ಯೂಬ್ ಮೇಲೆ ಹಲ್ಲಿನ ಬಳಿಯ ಸೆಂಟಿಮೀಟರ್ ಗುರುತು ಮೊದಲೂ ನಂತರವೂ ಓದಿ. ಎದೆಯ ಡ್ರೈನ್ ಬಾಟಲ್ ಎದೆಗಿಂತ ಕೆಳಗೇ ಇರಲಿ, ಆದರೆ ಕ್ಲ್ಯಾಂಪ್ ಮಾಡಬೇಡಿ. ಗಾಳಿ ಸೋರುತ್ತಿರುವಾಗ ಕ್ಲ್ಯಾಂಪ್ ಹಾಕಿದರೆ ಟೆನ್ಶನ್ ನ್ಯೂಮೊಥೊರಾಕ್ಸ್ (ಎದೆಯೊಳಗೆ ಗಾಳಿ ಸಿಕ್ಕಿಕೊಂಡು ಶ್ವಾಸಕೋಶ, ಹೃದಯವನ್ನು ಒತ್ತುವುದು) ಆಗಬಹುದು. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ಅನೆಸ್ತೀಶಿಯಾ_ಟೇಬಲ್: ಸಿಸ್ಟರ್ ಹೇಳಿದ ಟ್ಯೂಬ್ ಗುರುತಿಗೆ ಸೇರಿಸುವುದು: ಕ್ಯಾಪ್ನೋಗ್ರಫಿಯ (ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಮಾನಿಟರ್) ತರಂಗ ದಾರಿಯುದ್ದಕ್ಕೂ ಕಾಣಬೇಕು. ಟ್ಯೂಬ್ ಜಾರಿದ್ದನ್ನು ಸ್ಯಾಚುರೇಶನ್ ತಡವಾಗಿ ಹೇಳುತ್ತದೆ, ತರಂಗ ಆ ಕ್ಷಣವೇ. ಚಪ್ಪಟೆಯಾದರೆ ಅಂಬು ಬ್ಯಾಗ್‌ಗೆ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಬದಲಿಸಿ, ಕ್ರಮವಾಗಿ ನೋಡಿ: ಟ್ಯೂಬ್ ಜಾರಿತೇ, ಕಟ್ಟಿಕೊಂಡಿತೇ, ನ್ಯೂಮೊಥೊರಾಕ್ಸ್ ಇದೆಯೇ, ಯಂತ್ರ ಕೈಕೊಟ್ಟಿತೇ. ಬ್ಯಾಗ್, ಮಾಸ್ಕ್, ಸಕ್ಷನ್ ಸ್ಟ್ರೆಚರ್ ಮೇಲೆಯೇ ಇರಲಿ.

ರೆಫರಲ್_ಡೆಸ್ಕ್: ಬೇರೆ ಆಸ್ಪತ್ರೆಗಾದರೆ, ಸ್ವೀಕರಿಸುವ ವೈದ್ಯರ ಹೆಸರು, ವಾರ್ಡ್, ಬೆಡ್ ಖಚಿತವಾಗದೆ ಆಂಬುಲೆನ್ಸ್ ಚಾಲೂ ಮಾಡಬೇಡಿ. “ಎಮರ್ಜೆನ್ಸಿಗೆ ಕಳಿಸಿ” ಎಂಬುದು ಒಪ್ಪಿಗೆಯಲ್ಲ. ಸಾರಾಂಶದಲ್ಲಿ ಅಲರ್ಜಿ, ಕೊನೆಯ ಸೆಡೇಶನ್ (ಮಂಪರಿನ ಔಷಧಿ) ಮತ್ತು ಆಂಟಿಬಯಾಟಿಕ್ ಕೊಟ್ಟ ಸಮಯ, ಈಗಿನ ವೆಂಟಿಲೇಟರ್ ಸೆಟ್ಟಿಂಗ್ ಇರಲಿ. ಸ್ಕ್ಯಾನ್‌ನ ವರದಿಯಷ್ಟೇ ಅಲ್ಲ, ಚಿತ್ರಗಳೂ ಹೋಗಬೇಕು; ಇಲ್ಲವಾದರೆ ಅಲ್ಲಿ ಮತ್ತೆ ಸ್ಕ್ಯಾನ್, ಮತ್ತೊಂದು ಶಿಫ್ಟ್.

ಹಸ್ತಾಂತರದ ಹೊತ್ತಿಗೆ ಕೇಬಲ್ ಬದಲಿಸುತ್ತಾ ಕೇಳಿದವರಿಗೆ ಅರ್ಧವೂ ನೆನಪಿರುವುದಿಲ್ಲ. ರೋಗಿ ಸ್ಥಿರವಾಗಿದ್ದರೆ ಒಂದು ನಿಮಿಷ ಎಲ್ಲರೂ ಕೈ ಕಟ್ಟಿ ಕೇಳಲಿ, ಆಮೇಲೆ ಎತ್ತಲಿ.

ಕರಡು_ಪ್ರತಿ: ಹಾಗಾದರೆ ಸಕ್ಕರೆ, ಯೂರಿನ್ ಬ್ಯಾಗ್, ಫೀಡ್ (ಕೊಳವೆಯಿಂದ ಕೊಡುವ ಆಹಾರ) ಪಟ್ಟಿಯಲ್ಲಿರಬೇಕೇ?

ಸಿಸ್ಟರ್_ನೈಟ್: ಫೀಡ್ ನಿಲ್ಲಿಸಿದರೆ ಇನ್ಸುಲಿನ್ ಇನ್‌ಫ್ಯೂಶನ್ ಬಗ್ಗೆ ವೈದ್ಯರನ್ನು ಕೇಳಲೇಬೇಕು, ಇಲ್ಲವಾದರೆ ದಾರಿಯಲ್ಲಿ ಸಕ್ಕರೆ ಇಳಿಯುತ್ತದೆ. ಇದು ಮೊದಲ ಪುಟದಲ್ಲಿರಲಿ. ಯೂರಿನ್ ಬ್ಯಾಗ್ ಖಾಲಿ ಮಾಡುವುದಕ್ಕೆ ಪಟ್ಟಿ ಬೇಕಿಲ್ಲ.