ಬ್ರಯರ್ ಬ್ಲಾಕ್‌ನಿಂದ ಪೈಪ್: ತೂತಿನ ಅಳತೆ, ಸ್ಟೆಮ್ ಬಿಗಿತ, ಮಳೆಗಾಲದ ತೇವ

ಹೆತ್ತೂರು ಲೇತ್:

ಸಕಲೇಶಪುರದ ಕಡೆ ನನ್ನ ಹತ್ತಿರ ಒಂದು ಚಿಕ್ಕ ಮರದ ಲೇತ್ ಇದೆ. ಉಳಿಯ ಹಿಡಿ, ಮೇಜಿನ ಕಾಲು, ಆಟಿಕೆ ಮಾಡಿ ಕೈ ಪಳಗಿದೆ. ಈಗ ಎಸ್ಟೇಟಿನವರೊಬ್ಬರು ಹೊಗೆಸೊಪ್ಪಿನ ಪೈಪ್ ಮಾಡಿಕೊಡಿ ಅಂತ ಇಟಲಿಯ ಬ್ರಯರ್ (ಪೈಪ್‌ಗೆ ಬಳಸುವ ಮರದ ಗಂಟು) ಬ್ಲಾಕ್ ಮೂರು ಕೊಟ್ಟಿದ್ದಾರೆ. ಎಬೋಶಾನ್ ಅನ್ನುವ ದರ್ಜೆ, ಒಂದೊಂದೂ 65 × 55 × 42 ಮಿ.ಮೀ. ಸ್ಟೆಮ್‌ಗೆ, ಅಂದರೆ ಬಾಯಲ್ಲಿ ಕಚ್ಚುವ ಕೊಳವೆಗೆ, ಎಬೊನೈಟ್ (ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್) ರಾಡ್ ಇದೆ. ಗೊತ್ತಿದ್ದವರು ಇವಿಷ್ಟಕ್ಕೆ ಉತ್ತರ ಕೊಡಿ:

ನೇರ ಪೈಪ್‌ಗೆ ಯಾವ ತೂತು ಮೊದಲು, ಯಾವ ಅಳತೆ? ಏಪ್ರಿಲ್‌ನಲ್ಲಿ 112 ಗ್ರಾಂ ತೂಗುತ್ತಿದ್ದ ಬ್ಲಾಕ್ ಈ ಜುಲೈನಲ್ಲಿ 119 ಗ್ರಾಂ ಇದೆ, ಈಗಲೇ ಕೆಲಸ ಶುರು ಮಾಡಬಹುದೇ? ಅವರಿಗೆ ಬೀಟೆಯಲ್ಲೋ ಕಾಫಿ ಬೊಡ್ಡೆಯಲ್ಲೋ ಇನ್ನೊಂದು ಬೇಕಂತೆ, ಆಗುತ್ತದೆಯೇ? ಮತ್ತೆ ಅವರ ಹಳೇ ಪೈಪ್ ಒಂದರ ಸ್ಟೆಮ್ ಕಚ್ಚಿಕೊಂಡು ಬಿಟ್ಟಿದೆ, ತಿರುಗಿಸಿದರೂ ಬರುತ್ತಿಲ್ಲ.

ಗಿರಿಸಾಲು:

ಮೊದಲು ತೂಕದ ಮಾತು. ಅದು ಸರಿಯಾಗುವ ತನಕ ಡ್ರಿಲ್ ಮುಟ್ಟಬೇಡಿ. ಗಾಳಿಯ ತೇವ ಶೇ 50 ಇದ್ದಾಗ ಮರದೊಳಗೆ ಹತ್ತಿರಹತ್ತಿರ ಶೇ 9 ನೀರು ನಿಲ್ಲುತ್ತದೆ, ಶೇ 90 ಆದರೆ ಅದು ಶೇ 20ರ ಸಮೀಪ ಹೋಗುತ್ತದೆ. ನಿಮ್ಮ ಬ್ಲಾಕ್ ಕುಡಿದಿರುವ 7 ಗ್ರಾಂ ಇದೇ ನೀರು. ಈಗ ಕೊರೆದರೆ ತೂತು ಇವತ್ತು ಗುಂಡಗೇ ಇರುತ್ತದೆ. ಫೆಬ್ರುವರಿಯಲ್ಲಿ ಮರ ಒಣಗಿ ಕುಗ್ಗುವಾಗ ಎಳೆಯ ಉದ್ದಕ್ಕೆ ಒಂದು ಲೆಕ್ಕ, ಅಡ್ಡಕ್ಕೆ ಇನ್ನೊಂದು ಲೆಕ್ಕದಲ್ಲಿ ಕುಗ್ಗುತ್ತದೆ. ಆಗ ತೂತು ಮೊಟ್ಟೆಯಾಕಾರ ಆಗಿ ಸ್ಟೆಮ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ.

ಮಳೆ ಮುಗಿಯುವ ತನಕ ಕಾಯಲು ಆಗದಿದ್ದರೆ ಮರದ ಪೆಟ್ಟಿಗೆಯೊಂದರಲ್ಲಿ ಸಣ್ಣ ಬಲ್ಬ್ ಉರಿಸಿ, ಒಳಗೊಂದು ತೇವಮಾಪಕ ಇಟ್ಟು, ಶೇ 55ರಿಂದ 60ಕ್ಕೆ ನಿಲ್ಲಿಸಿ. ವಾರಕ್ಕೊಮ್ಮೆ ತೂಗಿ. ಎರಡು ವಾರ ಸತತ ಒಂದೇ ತೂಕ ಬಂದರೆ ತಯಾರು ಅಂತ ಅರ್ಥ. ಬೇಗ ಆಗಲಿ ಅಂತ ಒಲೆಯ ಮೇಲಿನ ಅಟ್ಟಕ್ಕೋ ಡ್ರೈಯರ್‌ಗೋ ಹಾಕಿದರೆ ಮೇಲ್ಮೈ ಮೊದಲು ಒಣಗಿ ಕೂದಲೆಳೆ ಬಿರುಕು ಬೀಳುತ್ತದೆ. ಅಂಥ ಬಿರುಕು ಬ್ಲಾಕ್ ಇರುವಾಗ ಕಣ್ಣಿಗೆ ಬೀಳುವುದಿಲ್ಲ, ಬಣ್ಣ ಹಚ್ಚಿದ ಮೇಲೆ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ.

ಈಗ ಕೊರೆಯುವುದು. ಬ್ಲಾಕ್‌ನ ಪಕ್ಕಗಳನ್ನು ಚೌಕಕ್ಕೆ ಉಜ್ಜಿ, ಸ್ಪಿರಿಟ್ ಸವರಿ ಎಳೆ ನೋಡಿ. ನೀರು ಬೇಡ. ಎಳೆ ಮೇಲೆ ಕೆಳಗೆ ಓಡುವ ಮುಖಗಳು ಬೋಗುಣಿಯ (ಸೊಪ್ಪು ತುಂಬುವ ಭಾಗ) ಪಕ್ಕಕ್ಕೆ ಬರಲಿ, ಚುಕ್ಕಿ ಚುಕ್ಕಿಯಾಗಿ ಕಾಣುವ ಮುಖ ಬೋಗುಣಿಯ ಬಾಯಿಗೆ ಬರಲಿ. ಆಮೇಲೆ ಪಕ್ಕದ ಮುಖದ ಮೇಲೆ ಪೈಪ್ ಪೂರ್ತಿ ಬರೆದು ಎರಡು ನಡುಗೆರೆ ಎಳೆಯಿರಿ, ಒಂದು ಬೋಗುಣಿಯದು, ಇನ್ನೊಂದು ಗಾಳಿದಾರಿಯದು. ಇವೆರಡೂ ಬೋಗುಣಿಯ ತಳದ ನಟ್ಟನಡುವೆ ಸೇರಬೇಕು. ಇಡೀ ಕೆಲಸ ನಿಂತಿರುವುದು ಆ ಒಂದು ಬಿಂದುವಿನ ಮೇಲೆ.

ಮೊದಲು ಶ್ಯಾಂಕ್ (ಬೋಗುಣಿಯಿಂದ ಸ್ಟೆಮ್ ತನಕ ಚಾಚುವ ಮರದ ಕತ್ತು) ಕಡೆ. ಎರಡು ದವಡೆಯ ಚಕ್‌ನಲ್ಲಿ ಹಿಡಿದು ಮುಖ ಸಮ ಮಾಡಿ, ಸ್ಟೆಮ್ ಕೂರುವ ಗುಳಿಯನ್ನು 8 ಮಿ.ಮೀ. ಅಗಲ, 18 ಮಿ.ಮೀ. ಆಳ ಕೊರೆಯಿರಿ. ಚಕ್ ಬಿಚ್ಚದೆ ಅದೇ ಸಾಲಿನಲ್ಲಿ 4 ಮಿ.ಮೀ. ಗಾಳಿದಾರಿ. ಇಲ್ಲಿ ಉದ್ದನೆಯ ಡ್ರಿಲ್ ಗಟ್ಟಿ ಎಳೆಗೆ ತಗುಲಿದರೆ ಓರೆಗೆ ಹೋಗುತ್ತದೆ. ಅದಕ್ಕೆ ಗಿಡ್ಡ ಡ್ರಿಲ್‌ನಲ್ಲಿ ಶುರು ಮಾಡಿ ಆಮೇಲೆ ಉದ್ದದ್ದು ಹಾಕಿ, 5 ಮಿ.ಮೀ.ಗೊಮ್ಮೆ ಹೊರಗೆಳೆದು ಪುಡಿ ತೆಗೆಯಿರಿ. ನಂತರ ಬ್ಲಾಕ್ ತಿರುಗಿಸಿ ಬೋಗುಣಿ ಕೊರೆಯಿರಿ: 19 ಮಿ.ಮೀ. ಅಗಲ, 38 ಮಿ.ಮೀ. ಆಳ, ಬಿಟ್‌ನ ಮೂತಿ ದುಂಡಗೆ ಅರೆದಿರಬೇಕು, ವೇಗ ನಿಮಿಷಕ್ಕೆ 400 ಸುತ್ತು ದಾಟದಿರಲಿ. ಕೊನೆಯ 3 ಮಿ.ಮೀ. ಇಣುಕಿ ನೋಡುತ್ತಾ ಹೋಗಿ. ಗಾಳಿದಾರಿಯ ತೂತು ತಳದಲ್ಲಿ ಪೂರ್ತಿ ತೆರೆದ ಕೂಡಲೇ ನಿಲ್ಲಿಸಿ.

ಬಿಟ್ ಇನ್ನೂ 2 ಮಿ.ಮೀ. ಇಳಿದರೆ ತೂತಿಗಿಂತ ಕೆಳಗೆ ಒಂದು ಗುಂಡಿ ಆಗುತ್ತದೆ. ಅಲ್ಲಿಗೆ ಗಾಳಿ ಬರುವುದಿಲ್ಲ, ಸೊಪ್ಪು ಉರಿಯುವುದಿಲ್ಲ, ಕಹಿ ನೀರು ನಿಲ್ಲುತ್ತದೆ. ಇದ್ದಿಲು ಪುಡಿ ಮೆತ್ತಿ ತಳ ಎತ್ತಬಹುದು, ಆದರೆ ಅದು ತೇಪೆ. ತಳದ ಕೆಳಗೆ ಕನಿಷ್ಠ 8 ಮಿ.ಮೀ. ಮರ ಇರಲಿ, ಪಕ್ಕದ ಗೋಡೆ ಬಾಯಿ ಹತ್ತಿರ 7, ಕೆಳಗೆ 9. ಅಂದರೆ ಬೋಗುಣಿಯ ಹೊರ ಅಗಲ ಬಾಯಿ ಹತ್ತಿರ 33, ಕೆಳಗೆ 37 ಬರುತ್ತದೆ, ನಿಮ್ಮ 42ರ ಬ್ಲಾಕ್‌ನಲ್ಲಿ ಸಲೀಸಾಗಿ ಕೂರುತ್ತದೆ.

ಸ್ಟೆಮ್‌ನ ಮೊಳೆ (ಗುಳಿಯೊಳಗೆ ಕೂರುವ ತುದಿ) 17.5 ಮಿ.ಮೀ. ಉದ್ದ ಇಡಿ. ಗುಳಿಗೂ ಮೊಳೆಗೂ ನಡುವೆ ಅರ್ಧ ಮಿ.ಮೀ.ಗಿಂತ ಹೆಚ್ಚು ಖಾಲಿ ಬಿಟ್ಟರೆ ಬಿಸಿ ಹೊಗೆ ಅಲ್ಲಿ ತಣಿದು ನೀರಾಗಿ ಗೊಳಗೊಳ ಸದ್ದು ಬರುತ್ತದೆ. ಪೂರ್ತಿ ಒತ್ತಿಕೊಂಡರೆ ಮರ ಉಬ್ಬಿದಾಗ ಸ್ಟೆಮ್ ಮುಖ ಕೂರುವುದಿಲ್ಲ. ಸ್ಟೆಮ್ ಒಳಗೆ 4ರಿಂದ ಶುರುವಾಗಿ ಬಾಯಿ ಕಡೆ ಸುಮಾರು 2 ಮಿ.ಮೀ.ಗೆ ಇಳಿಯಲಿ, ಕೊನೆಯಲ್ಲಿ ಬೀಸಣಿಗೆ ಹಾಗೆ ಅಗಲಿಸಿ. ಕಚ್ಚುವ ಜಾಗದ ದಪ್ಪ 4.5. ಪೈಪ್ ಕ್ಲೀನರ್ (ಹತ್ತಿ ಸುತ್ತಿದ ತೆಳು ತಂತಿ) ಬಾಯಿಯಿಂದ ಬೋಗುಣಿ ತನಕ ತಡೆಯಿಲ್ಲದೆ ಹೋಗಬೇಕು. ಹೋಗದಿದ್ದರೆ ಆ ಪೈಪ್ ಮಾರಬೇಡಿ. ಎಬೊನೈಟ್ ಕೊರೆಯುವಾಗ ಗಂಧಕದ ವಾಸನೆ ಬಂದರೆ ಡ್ರಿಲ್ ಬಿಸಿಯಾಗಿದೆ ಅಂತ ಲೆಕ್ಕ, ಹೊರಗೆ ತೆಗೆಯಿರಿ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡೇ ಮಾಡಿ.

ಇದು ನೇರ ಪೈಪ್‌ನ ಲೆಕ್ಕ. ಬಾಗಿದ್ದು ಮೊದಲಿಗೆ ಬೇಡ.

ಅರಕಲಗೂಡು ಬಡಗಿ:

ಬೀಟೆ, ಕಾಫಿ ಬಗ್ಗೆ ನಾನು ಹೇಳ್ತೀನಿ ಅಣ್ಣ. ಬ್ರಯರ್ ಅಂದರೆ ಮೆಡಿಟರೇನಿಯನ್ ಸುತ್ತ ಬೆಳೆಯುವ ಎರಿಕಾ ಆರ್ಬೋರಿಯಾ ಗಿಡದ ಗಂಟು. ಬೇರು ಮತ್ತು ಕಾಂಡದ ನಡುವೆ ದಶಕಗಟ್ಟಲೆ ಬಲಿಯುತ್ತದೆ. ಅದನ್ನು ಕತ್ತರಿಸಿ, ತಾಮ್ರದ ಕೊಪ್ಪರಿಗೆಯಲ್ಲಿ ಅರ್ಧ ದಿನಕ್ಕೂ ಹೆಚ್ಚು ಕುದಿಸಿ, ಒಗರು ರಸ ತೆಗೆದು, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ಎಳೆ ಹೆಣೆದುಕೊಂಡ ಗಂಟಾದ್ದರಿಂದ ಬಿಸಿಗೆ ಸುಲಭಕ್ಕೆ ಸೀಳುವುದಿಲ್ಲ, ತೇವವನ್ನೂ ಹೀರಿಕೊಳ್ಳುತ್ತದೆ. ನಮ್ಮ ಕಡೆಯ ಯಾವ ಮರಕ್ಕೂ ಈ ಸಂಸ್ಕಾರ ಆಗಿರುವುದಿಲ್ಲ.

ಬೀಟೆಯಲ್ಲಿ ಎಣ್ಣೆ, ರಾಳ ಜಾಸ್ತಿ. ಅದರ ಪುಡಿಯೇ ಕೆಲವರಿಗೆ ಮೈ ತುರಿಕೆ ತರುತ್ತದೆ, ಇನ್ನು ಅದನ್ನು ಬಿಸಿ ಮಾಡಿ ಹೊಗೆ ಎಳೆಯುವುದು ಯಾಕೆ? ಶ್ಯಾಂಕ್ ತುದಿಗೆ ಅಲಂಕಾರದ ಉಂಗುರ ಮಾಡಿ, ಚೆಂದ ಕಾಣುತ್ತದೆ. ಬೋಗುಣಿಗೆ ಬೇಡ. ಸಿಲ್ವರ್ ಓಕ್ ಮೆತ್ತಗಿನ ಮರ, ಅದರ ಪುಡಿಯೂ ಚರ್ಮಕ್ಕೆ ಆಗಿಬರುವುದಿಲ್ಲ. ಕಾಫಿ ಬೊಡ್ಡೆ ಗಟ್ಟಿಯಿದೆ, ಟೀಪಾಯಿ ಕಾಲಿಗೆ ಒಳ್ಳೆಯದು, ಆದರೆ ಒಣಗುವಾಗ ನಡುವಿನಿಂದ ಬಿರಿಯುವುದು ಅದರ ಹುಟ್ಟುಗುಣ. ಡ್ರಿಲ್ಲಿಂಗ್ ಅಭ್ಯಾಸಕ್ಕೆ ಮಾತ್ರ ಅದಕ್ಕಿಂತ ಒಳ್ಳೆಯ ಮರ ಸಿಗಲ್ಲ. ಬ್ರಯರ್ ಮುಟ್ಟುವ ಮೊದಲು ಅದೇ ಅಳತೆಯ ಕಾಫಿ ತುಂಡಿನಲ್ಲಿ ಎಲ್ಲ ತೂತು ಕೊರೆದು, ಉದ್ದಕ್ಕೆ ಸೀಳಿ ಒಳಗೆ ನೋಡಿ. ಗಾಳಿದಾರಿ ಎಲ್ಲಿ ಬಂತು ಅಂತ ಆಗ ನಿಜ ಗೊತ್ತಾಗುತ್ತದೆ. ಕಣಗಿಲೆ, ಕಾಸರಕ ಮಾತ್ರ ಯಾವ ಕಾರಣಕ್ಕೂ ಹತ್ತಿರ ತರಬೇಡಿ, ಎರಡೂ ವಿಷ.

ಹೊರಗಡೆ ಫಿನಿಶಿಂಗ್‌ಗೆ ಚನ್ನಪಟ್ಟಣದ ಹಾಗೆ ಅರಗು ಕೊಡೋಣ ಅನ್ನಿಸಬಹುದು. ಅರಗು 75 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ಪೈಪ್ ಬಿಸಿಯಾದಾಗ ಕೈಗೆ ಅಂಟುತ್ತದೆ, ಗುಳ್ಳೆ ಏಳುತ್ತದೆ. 180, 240, 320, 400, 600 ನಂಬರಿನ ಮರಳು ಕಾಗದದಲ್ಲಿ ಉಜ್ಜಿ, 240 ಆದ ಮೇಲೆ ಒಮ್ಮೆ ಒದ್ದೆ ಬಟ್ಟೆ ಸವರಿ ಎದ್ದ ಎಳೆಯನ್ನು ಮತ್ತೆ ಉಜ್ಜಿ. ಸ್ಪಿರಿಟ್‌ನಲ್ಲಿ ಕರಗುವ ಬಣ್ಣ ಹಚ್ಚಿ, ಕಾರ್ನೂಬಾ ಮೇಣವನ್ನು ಬಟ್ಟೆ ಚಕ್ರದಲ್ಲಿ ತೆಳ್ಳಗೆ ಹಿಡಿಸಿ. ವಾರ್ನಿಷ್, ಪಿಯು (ಪಾಲಿಯುರೆಥೇನ್) ಯಾವುದೂ ಬೇಡ, ಮರ ಉಸಿರಾಡಲ್ಲ. ಬೋಗುಣಿ ಒಳಗೆ ಬಣ್ಣ ಇಳಿಯದ ಹಾಗೆ ಕಾರ್ಕ್ ತುರುಕಿ.

ರತ್ನಗಿರಿ ರಸ್ತೆ:

ಕಚ್ಚಿಕೊಂಡ ಸ್ಟೆಮ್‌ಗೆ ಬಲ ಹಾಕಬೇಡಿ ಸಾರ್, ಶ್ಯಾಂಕ್ ಸೀಳುತ್ತೆ. ಪೈಪನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಫ್ರೀಜರ್‌ನಲ್ಲಿ ಅರ್ಧ ಗಂಟೆ ಇಡಿ. ಎಬೊನೈಟ್ ಮರಕ್ಕಿಂತ ಜಾಸ್ತಿ ಕುಗ್ಗುತ್ತದೆ. ಹೊರಗೆ ತೆಗೆದು ಒಂದೇ ದಿಕ್ಕಿಗೆ ತಿರುಗಿಸುತ್ತಾ ಎಳೆಯಿರಿ, ಮೇಲೆ ಕೆಳಗೆ ಅಲ್ಲಾಡಿಸಬೇಡಿ. ಬಂದ ಮೇಲೆ ಗುಳಿಯೊಳಗಿನ ಕೀಲೆಣ್ಣೆಯಂಥ ಕೊಳೆಯನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ತೆಗೆಯಿರಿ. ಬಿಗಿತಕ್ಕೆ ಅರ್ಧ ಕಾರಣ ಅದೇ.

ಉಳಿದರ್ಧ ತೇವ. ಸೇದುವಾಗ ಒಳಗಿನ ಮರ ನೀರು ಕುಡಿದು ಗುಳಿಯ ಕಡೆಗೇ ಉಬ್ಬುತ್ತದೆ. ಮಳೆಗಾಲದಲ್ಲಿ ಅದು ಬೇಗ ಆರುವುದೂ ಇಲ್ಲ. ಇದಕ್ಕೆ ಮೊಳೆ ಉಜ್ಜಿ ಸಣ್ಣ ಮಾಡುವವರು ಇದ್ದಾರೆ, ಶಿವರಾತ್ರಿ ಹೊತ್ತಿಗೆ ಅದೇ ಸ್ಟೆಮ್ ಕಳಚಿ ಬೀಳುತ್ತದೆ. 6ಬಿ ಪೆನ್ಸಿಲ್ ಸೀಸವನ್ನು ಮೊಳೆಗೆ ಉಜ್ಜಿದರೆ ಸಾಕು. ಪೈಪ್ ಬಿಸಿ ಇರುವಾಗ ಸ್ಟೆಮ್ ಎಂದೂ ತೆಗೆಯಬಾರದು, ಒಮ್ಮೆ ಸೇದಿದ ಪೈಪ್‌ಗೆ ಒಂದು ದಿನ ವಿಶ್ರಾಂತಿ ಬೇಕು, ನಮ್ಮ ಜುಲೈಯಲ್ಲಿ ಎರಡು ದಿನ. ಬೀರುವಿನಲ್ಲಿ ಮುಚ್ಚಿಟ್ಟರೆ ಬೂಸು ಹಿಡಿಯುವುದು ಖಂಡಿತ. ಹಾಗಂತ ಕಿಟಕಿಯ ಬಿಸಿಲಿಗೂ ಇಡಬೇಡಿ, ಬೆಳಕು ಬಿದ್ದು ಎಬೊನೈಟ್ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು 600ರಿಂದ 2000ದ ತನಕ ನೀರು ಕಾಗದದಲ್ಲಿ ಉಜ್ಜಿ ತೆಗೆಯಬಹುದು, ಆದರೆ ಸ್ಟೆಮ್ ಮೇಲಿನ ಕಂಪನಿ ಗುರುತು ಉಜ್ಜಿ ಹೋದರೆ ಸಂಗ್ರಹಕಾರರ ಲೆಕ್ಕದಲ್ಲಿ ಬೆಲೆಯೂ ಹೋಯಿತು.

ಹಳೇದರ ಬೋಗುಣಿಯಲ್ಲಿ ಕಟ್ಟಿದ ಇದ್ದಿಲ ಪದರ 1ರಿಂದ 1.5 ಮಿ.ಮೀ. ಇರಬೇಕು. ಅದಕ್ಕಿಂತ ದಪ್ಪ ಬಿಟ್ಟರೆ ಅದು ಮರಕ್ಕಿಂತ ಬೇರೆ ವೇಗದಲ್ಲಿ ಹಿಗ್ಗಿ ಗೋಡೆಯನ್ನೇ ಒಡೆಯುತ್ತದೆ. ಪೂರ್ತಿ ಕೆರೆದರೆ ಮರ ಬೆಂಕಿಗೆ ತೆರೆದುಕೊಳ್ಳುತ್ತದೆ. ಕೆರೆದ ಮೇಲೆ ಟಾರ್ಚ್ ಬಿಟ್ಟು ನೋಡಿ. ಸಣ್ಣ ಗೆರೆಗಳ ಬಲೆ ಕಂಡರೆ ಸರಿಯೇ, ಹೊರಗೋಡೆಯಲ್ಲಿ ಅದೇ ಜಾಗ ಕಪ್ಪಾಗಿ ಕೈಗೆ ಸುಡುವಷ್ಟು ಬಿಸಿಯಾಗುತ್ತಿದ್ದರೆ ಮರ ಒಳಗಿನಿಂದ ಸುಟ್ಟು ಬರುತ್ತಿದೆ ಅಂತ.

ಕೊನೆಗೆ ನನ್ನ ಅಭಿಪ್ರಾಯ, ಒಪ್ಪದವರು ಇರಬಹುದು. ಜನ ದುಡ್ಡು ಕೊಡುವುದು ನೇರ ಎಳೆಗೆ, ಹೊಗೆ ಚೆನ್ನಾಗಿ ಬರುವುದು ನೇರ ತೂತಿಗೆ. ಬ್ರಯರ್‌ನಲ್ಲಿ ಮರಳ ಕಲ್ಲು ಸಿಕ್ಕಿಕೊಂಡ ಗುಂಡಿಗಳು ಇದ್ದೇ ಇರುತ್ತವೆ, ಪುಟ್ಟಿ ತುಂಬಿ ಬಣ್ಣದಲ್ಲಿ ಮುಚ್ಚಿರುತ್ತಾರೆ. ಓರೆ ಬೆಳಕಿನಲ್ಲಿ ಹೊಳಪಿಲ್ಲದ ಚುಕ್ಕಿಯಾಗಿ ಅದು ಸಿಕ್ಕಿಬೀಳುತ್ತದೆ. ಸೇದುವುದಕ್ಕೆ ತೊಂದರೆಯಿಲ್ಲ, ಆದರೆ ಬೆಲೆ ಇಳಿಸಿಯೇ ಕೇಳಬೇಕು. ಲಂಡನ್ನಿನ ಪೈಪ್ ಕಂಪನಿ ಡನ್‌ಹಿಲ್‌ನವರು 1917ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಶೆಲ್ ಪೈಪ್‌ಗಳಲ್ಲಿ ಮರಳು ಊದಿ ಮೆತ್ತಗಿನ ಎಳೆ ಕಿತ್ತು ಉಬ್ಬು ಗೆರೆ ಉಳಿಸುತ್ತಿದ್ದರು. ಆ ವಿಧಾನದಲ್ಲಿ ಸಣ್ಣ ಗುಂಡಿಗಳು ಮಾಯ. ಹಾಗೆ ಮಳೆನಾಡಿಗೆ ನನ್ನ ಮೊದಲ ಆಯ್ಕೆ ಐರ್ಲೆಂಡಿನ ಪೀಟರ್ಸನ್ ಕಂಪನಿಯ ಸಿಸ್ಟಂ ಪೈಪ್. 1890ರ ಪೇಟೆಂಟ್, ಶ್ಯಾಂಕ್‌ನಲ್ಲೇ ನೀರು ಇಳಿದು ನಿಲ್ಲುವ ಕುಳಿ ಇದೆ.

ಹೊಗೆ ಒಳಗೆ ಎಳೆಯದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ತಪ್ಪುವುದಿಲ್ಲ, ನಿಮ್ಮ ಗಿರಾಕಿಗೆ ಅದನ್ನೂ ಹೇಳಿ.

ಹೆತ್ತೂರು ಲೇತ್:

ಎಲ್ಲರಿಗೂ ಧನ್ಯವಾದ. ಫ್ರೀಜರ್ ಕೆಲಸ ಮಾಡಿತು, ಸ್ಟೆಮ್ ಬಂತು. ಇನ್ನೆರಡು ಪ್ರಶ್ನೆ. ಹೊಸ ಬೋಗುಣಿಗೆ ಒಳಲೇಪ ಕೊಡಬೇಕೇ? ಮತ್ತೆ ಅವರು ರಾಮನಾಥಪುರದ ಬ್ಯಾರನ್ (ಹೊಗೆಸೊಪ್ಪು ಹದ ಮಾಡುವ ಮನೆ) ಸೊಪ್ಪನ್ನೇ ಪುಡಿ ಮಾಡಿ ಸೇದುತ್ತೇನೆ ಅನ್ನುತ್ತಿದ್ದಾರೆ, ಪೈಪ್ ಹಾಳಾಗುತ್ತದೆಯೇ?

ಗಿರಿಸಾಲು:

ಲೇಪ ಬೇಕೇಬೇಕು ಅಂತಿಲ್ಲ, ಮೊದಲ ಪೈಪ್‌ಗೆ ಕೊಡುವುದು ಕ್ಷೇಮ. ಸಕ್ರಿಯ ಇದ್ದಿಲಿನ ನುಣುಪು ಪುಡಿಯನ್ನು ಬಟ್ಟೆಯಲ್ಲಿ ಬಸಿದ ಗಟ್ಟಿ ಮೊಸರಿನಲ್ಲಿ ಕಲಸಿ, ಗಾಳಿದಾರಿಗೆ ಪೈಪ್ ಕ್ಲೀನರ್ ಚುಚ್ಚಿಟ್ಟು, ಬೆರಳಲ್ಲಿ ತೆಳ್ಳಗೆ ಸವರಿ. ಒಣ ಹವೆಯಲ್ಲಿ ಮೂರು ನಾಲ್ಕು ದಿನ ಸಾಕು. ಮಳೆಗಾಲದಲ್ಲಿ ಹೊರಗಿಟ್ಟರೆ ಮೊಸರಿಗೆ ಬೂಸು ಬರುತ್ತದೆ, ಆ ಬಲ್ಬ್ ಪೆಟ್ಟಿಗೆಯಲ್ಲೇ ಒಣಗಿಸಿ. ಗಾಜಿನ ಹಾಗೆ ಗಟ್ಟಿಯಾಗುವ ಸೋಡಿಯಂ ಸಿಲಿಕೇಟ್ ಬಳಿಯಬೇಡಿ, ಮರ ತೇವ ಹೀರುವುದು ನಿಲ್ಲುತ್ತದೆ.

ರತ್ನಗಿರಿ ರಸ್ತೆ:

ಲೇಪದ ಅಡಿಯಲ್ಲಿ ಗುಂಡಿ ಇದೆಯೋ ಬಿರುಕಿದೆಯೋ ಕಾಣುವುದಿಲ್ಲ, ಅದಕ್ಕೇ ನನಗೆ ಬರಿ ಮರವೇ ಇಷ್ಟ. ಮಾರುವುದಾದರೆ ಲೇಪಕ್ಕೆ ಮೊದಲು ಒಳಗಿನ ಫೋಟೋ ತೆಗೆದು ಗಿರಾಕಿಗೆ ಕೊಡಿ.

ಅರಕಲಗೂಡು ಬಡಗಿ:

ರಾಮನಾಥಪುರದ್ದು ವರ್ಜೀನಿಯಾ, ಬ್ಯಾರನ್‌ನಲ್ಲಿ ಬಿಸಿಗಾಳಿಗೆ ಹದ ಮಾಡಿದ್ದು. ಸಕ್ಕರೆ ಅಂಶ ಜಾಸ್ತಿ, ಹಳತಾಗದ ಸೊಪ್ಪು ಬಿಸಿಯಾಗಿ ಉರಿಯುತ್ತದೆ. ನಾಲಿಗೆ ಉರಿ ಒಂದು ಕಡೆ, ಲೇಪವಿಲ್ಲದ ಹೊಸ ಗೋಡೆ ಸುಡುವುದು ಇನ್ನೊಂದು ಕಡೆ. ಪುಡಿ ಮಾಡಿದರೆ ಗಾಳಿದಾರಿಗೇ ಇಳಿದು ಕಟ್ಟಿಕೊಳ್ಳುತ್ತದೆ, ಪೈಪ್‌ಗೆ ಬೇಕಿರುವುದು ಎಳೆ ಎಳೆಯಾಗಿ ಕತ್ತರಿಸಿದ್ದು. ಅದೂ ಅಲ್ಲದೆ ಬೆಳೆಗಾರರು ಟೊಬ್ಯಾಕೊ ಬೋರ್ಡ್ ಹರಾಜಿನಲ್ಲೇ ಮಾರಬೇಕು, ಹೊರಗೆ ಕೈಗೆ ಕೈ ಕೊಳ್ಳುವ ಹಾಗಿಲ್ಲ. ಪೈಪ್‌ಗೆ ಅಂತಲೇ ಮಾಡಿದ ಸೊಪ್ಪು ತರಿಸಲಿ. ಚಿಟಿಕೆ ಹಿಡಿದು ಅದುಮಿ ಬಿಟ್ಟರೆ ನಿಧಾನಕ್ಕೆ ಬಿಚ್ಚಿಕೊಳ್ಳಬೇಕು. ಉಂಡೆಯಾಗಿಯೇ ನಿಂತರೆ ತೇವ ಜಾಸ್ತಿ, ಕಾಗದದ ಮೇಲೆ ಹರಡಿ. ಮುಚ್ಚಳ ಬಿಗಿಯಾದ ಗಾಜಿನ ಭರಣಿ ಬಿಟ್ಟು ಬೇರೆಲ್ಲೂ ಇಡಬೇಡಿ. ಮೊದಲ ಐದಾರು ಸಲ ಅರ್ಧ ಬೋಗುಣಿಯಷ್ಟೇ ತುಂಬಿ, ತಳದ ತನಕ ನಿಧಾನಕ್ಕೆ ಸೇದಲು ಹೇಳಿ.