ಪದಚರ್ಚೆ: ‘ಬೇಸ್‌ಲೈನ್’, ‘ಬೇಸ್ ಲೋಡ್’ – ಎರಡಕ್ಕೂ ‘ಮೂಲ’ ಅಂದರೆ ಹೇಗೆ?

ಗೆಳೆಯರೇ,

ದೊಡ್ಡ ಕಚೇರಿ ಕಟ್ಟಡಗಳಲ್ಲಿ ಎಸಿ, ಪಂಪು, ಜನರೇಟರ್ ನೋಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೀಟರಿನ ಅಂಕಿಗಳನ್ನು ಓದಿ ಕರೆಂಟು ಎಲ್ಲಿ ಪೋಲಾಗುತ್ತಿದೆ ಅಂತ ಪತ್ತೆ ಹಚ್ಚೋದು ಹೇಗೆ ಅನ್ನುವುದೇ ವಿಷಯ. ‘ಡೇಟಾ’ ಅಂತಲೇ ಬರೆದಿದ್ದೇನೆ, ‘ದತ್ತಾಂಶ’ದ ಗೋಜಿಗೆ ಹೋಗಿಲ್ಲ. ಪ್ಲಾಂಟ್ ರೂಮಿನಲ್ಲಿ ಯಾರೂ ದತ್ತಾಂಶ ಅನ್ನಲ್ಲ. ನಾನು ಸಿಕ್ಕಿಹಾಕಿಕೊಂಡಿರುವುದು ಬೇರೆ ಎರಡು ಪದಗಳಲ್ಲಿ.

ಮೊದಲನೆಯದು ಬೇಸ್ ಲೋಡ್. 15 ನಿಮಿಷಕ್ಕೊಮ್ಮೆ ಮೀಟರ್ ದಾಖಲಿಸಿದ ಅಂಕಿಗಳನ್ನು ಗ್ರಾಫ್ ಮಾಡಿದರೆ ಬೆಳಗ್ಗೆ ಗೆರೆ ಏರುತ್ತದೆ, ಸಂಜೆ ಇಳಿಯುತ್ತದೆ. ಆದರೆ ರಾತ್ರಿ ಎರಡು ಗಂಟೆಗೂ ಸೊನ್ನೆಗೆ ಬರುವುದಿಲ್ಲ. ಹೀಗೆ ಯಾವಾಗಲೂ ಇದ್ದೇ ಇರುವ ಬಳಕೆಯೇ ಬೇಸ್ ಲೋಡ್. ಸರ್ವರ್ ರೂಮು, ಅದರ ಎಸಿ, ಯುಪಿಎಸ್, ಮೆಟ್ಟಿಲಿನ ದೀಪ ಇವೆಲ್ಲ ಬೇಕೇ ಬೇಕು. ತೊಂದರೆ ಏನೆಂದರೆ, ಯಾವತ್ತೋ ರಿಪೇರಿಗೆ ಅಂತ ‘ಆಟೋ’ದಿಂದ ‘ಮ್ಯಾನ್ಯುಯಲ್’ಗೆ ತಿರುಗಿಸಿ ಹಾಗೇ ಬಿಟ್ಟ ಎಎಚ್‌ಯು (ತಂಪು ಗಾಳಿಯನ್ನು ಕಟ್ಟಡದೊಳಗೆ ಊದುವ ಎಸಿ ಯಂತ್ರ), ಖಾಲಿ ಬೇಸ್‌ಮೆಂಟಿನಲ್ಲಿ ತಿರುಗುವ ಎಕ್ಸಾಸ್ಟ್ ಫ್ಯಾನು ಕೂಡ ಅದೇ ಗೆರೆಯೊಳಗೆ ಅಡಗಿರುತ್ತವೆ. ಇಂಥವು ಎಲ್ಲ ಸೇರಿ 20 ಕಿಲೋವ್ಯಾಟ್ ಅಂತಿಟ್ಟುಕೊಳ್ಳಿ. ರಾತ್ರಿಗೆ ಹತ್ತು ಗಂಟೆ ಸುಮ್ನೆ ಓಡಿದರೆ ದಿನಕ್ಕೆ 200 ಯೂನಿಟ್, ವರ್ಷಕ್ಕೆ 73,000. ಬಿಲ್ಲಿನಲ್ಲಿ ಇದು ಎದ್ದು ಕಾಣುವುದೇ ಇಲ್ಲ, ಪ್ರತಿ ತಿಂಗಳೂ ಇರುತ್ತಲ್ಲ!

ಇದಕ್ಕೆ ಒಬ್ಬರು ‘ಅಡಿಪಾಯದ ಹೊರೆ’ ಅಂತ ಸೂಚಿಸಿದರು. ಬೇರೆ ಕಡೆ ನಡೆಯುತ್ತಿತ್ತೇನೋ. ಕಟ್ಟಡದ ಪುಸ್ತಕದಲ್ಲಿ ‘ಅಡಿಪಾಯದ ಹೊರೆ’ ಅಂದರೆ ಸಿವಿಲ್ ಎಂಜಿನಿಯರ್ ಓಡಿ ಬರುತ್ತಾರೆ. ‘ಮೂಲ ಹೊರೆ’ ಅಂದರೆ ಏನೂ ಹೊಳೆಯಲ್ಲ. ನನಗೆ ‘ತಳ ಲೋಡು’ ಹಿಡಿಸಿದೆ. ಲೋಡು ಹೇಗೂ ಲೈನ್‌ಮನ್‌ನಿಂದ ಹಿಡಿದು ಎಲ್ಲರ ಬಾಯಲ್ಲೂ ಇದೆ. ಗ್ರಾಫಿನಲ್ಲಿ ಅದು ಇರುವುದೂ ತಳದಲ್ಲೇ.

ನಿಜವಾದ ಕಗ್ಗಂಟು ಬೇಸ್‌ಲೈನ್. ಇದು ಗ್ರಾಫಿನ ತಳದ ಗೆರೆ ಅಲ್ಲವೇ ಅಲ್ಲ. ಎಎಚ್‌ಯುಗಳ ಟೈಮಿಂಗ್ ಸರಿಮಾಡಿದೆವು, ಚಿಲ್ಲರ್ (ಎಸಿಗೆ ನೀರನ್ನು ತಂಪು ಮಾಡುವ ಯಂತ್ರ) ನೀರಿನ ಸೆಟ್‌ಪಾಯಿಂಟ್, ಅಂದರೆ ನೀರು ಎಷ್ಟು ತಂಪಾಗಬೇಕು ಅಂತ ಇಟ್ಟ ಅಂಕಿ, ಒಂದೆರಡು ಡಿಗ್ರಿ ಏರಿಸಿದೆವು ಅಂತಿಟ್ಟುಕೊಳ್ಳಿ. ಎಷ್ಟು ಉಳಿಯಿತು? ಉಳಿದ ಕರೆಂಟನ್ನು ಅಳೆಯುವ ಮೀಟರ್ ಯಾರ ಹತ್ತಿರವೂ ಇಲ್ಲ. ಹಾಗಾಗಿ ಹಿಂದಿನ ಡೇಟಾದಿಂದ ಒಂದು ಲೆಕ್ಕ ಕಟ್ಟುತ್ತಾರೆ: ಹೊರಗೆ ಇಷ್ಟು ಬಿಸಿಲು, ಒಳಗೆ ಇಷ್ಟು ಜನ ಇದ್ದಾಗ ಈ ಕಟ್ಟಡ ಎಷ್ಟು ಉಣ್ಣುತ್ತದೆ ಅಂತ. ಆಮೇಲೆ ಈ ವರ್ಷದ ಬಿಸಿಲು, ಜನ ಎರಡನ್ನೂ ಆ ಲೆಕ್ಕಕ್ಕೆ ಹಾಕಿದರೆ, ನಾವು ಏನೂ ಮಾಡದೇ ಇದ್ದಿದ್ದರೆ ಬರುತ್ತಿದ್ದ ಬಳಕೆ ಸಿಗುತ್ತದೆ. ಅದು ಬೇಸ್‌ಲೈನ್. ಅದರಲ್ಲಿ ಮೀಟರ್ ತೋರಿಸಿದ್ದನ್ನು ಕಳೆದರೆ ಉಳಿತಾಯ.

‘ಎಷ್ಟು ಆಗುತ್ತಿತ್ತು, ಎಷ್ಟು ಆಯಿತು’ – ಇಷ್ಟೇ ವಿಷಯ. ಹಾಗಾಗಿ ‘ಆಗುತ್ತಿದ್ದ ಬಳಕೆ’ ಅಂತ ಬರೆದೆ. ಆದರೆ ಕನ್ನಡದಲ್ಲಿ ಈ ರೂಪಕ್ಕೆ ಎರಡು ಮುಖ ಇದೆ ಅಲ್ವಾ? ‘ಮಳೆ ಬಂದಿದ್ದರೆ ಕೆರೆ ತುಂಬುತ್ತಿತ್ತು’ ಅಂದರೆ ತುಂಬಲಿಲ್ಲ. ‘ಆಗೆಲ್ಲ ಪ್ರತಿ ವರ್ಷ ಕೆರೆ ತುಂಬುತ್ತಿತ್ತು’ ಅಂದರೆ ನಿಜವಾಗಿಯೂ ತುಂಬುತ್ತಿತ್ತು. ‘ಇದ್ದರೆ’ ಜೊತೆಗಿಲ್ಲದಿದ್ದರೆ ಓದುವವರು ಎರಡನೆಯ ಅರ್ಥವನ್ನೇ ಹಿಡಿಯುತ್ತಾರೆ. ಅಂದರೆ ‘ಹೋದ ವರ್ಷದ ಬಳಕೆ’.

ಈ ಕೆಲಸದಲ್ಲಿ ಎಲ್ಲರೂ ಜಾರುವ ಜಾಗವೂ ಅದೇ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ದಾಟಿತ್ತು. ಆ ತಿಂಗಳ ಬಿಲ್ಲಿನ ಜೊತೆ ತಂಪಾದ ಏಪ್ರಿಲ್ ಒಂದನ್ನು ಹೋಲಿಸಿದರೆ ಯಾರು ಬೇಕಾದರೂ ‘ಉಳಿತಾಯ’ ತೋರಿಸಬಹುದು, ಕೈ ಕಟ್ಟಿ ಕೂತಿದ್ದರೂ. 2020ರ ಲಾಕ್‌ಡೌನ್ ಇನ್ನೂ ಚೆನ್ನಾದ ಉದಾಹರಣೆ. ಕಚೇರಿಗಳು ಖಾಲಿಯಾದವು, ಬಳಕೆ ಇಳಿಯಿತು. ಕಟ್ಟಡವೇನೂ ಸುಧಾರಿಸಿರಲಿಲ್ಲ. ಹಾಗಾಗಿ ಪದವೇ ಓದುಗರನ್ನು ಆ ತಪ್ಪಿನ ಕಡೆ ತಳ್ಳಿದರೆ ಕಷ್ಟ. ‘ಆಧಾರ ರೇಖೆ’, ‘ಮೂಲರೇಖೆ’ ಎರಡೂ ನೋಡಿದೆ. ತಪ್ಪಲ್ಲ, ಆದರೆ ಈ ‘ಇಲ್ಲದಿದ್ದರೆ’ ಅನ್ನುವ ಭಾವ ಅವುಗಳಲ್ಲಿ ಇಲ್ಲ. ಸದ್ಯಕ್ಕೆ ‘ಹೋಲಿಕೆ ಲೆಕ್ಕ’ ಅಂತ ಇಟ್ಟಿದ್ದೇನೆ. ಸ್ವಲ್ಪ ಸಪ್ಪೆ, ಒಪ್ಪುತ್ತೇನೆ.

ಪಕ್ಕದ ಪ್ರಶ್ನೆ ಒಂದಿದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಕಚೇರಿ ಕಟ್ಟಡಗಳಿಗೆ ನಕ್ಷತ್ರ ಕೊಡುವುದು ಇಪಿಐ (ಎನರ್ಜಿ ಪರ್ಫಾರ್ಮೆನ್ಸ್ ಇಂಡೆಕ್ಸ್) ನೋಡಿ: ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ. ಇದನ್ನು ‘ಇಂಧನ ಸಾಧನೆ ಸೂಚ್ಯಂಕ’ ಅಂದರೆ ಅಂಕಿ ಜಾಸ್ತಿ ಆದಷ್ಟೂ ಒಳ್ಳೆಯದು ಅನಿಸುತ್ತದೆ. ಇಲ್ಲಿ ಉಲ್ಟಾ. ‘ನಿರ್ವಹಣೆ’ ಅಂದರೆ ಮೇಂಟೆನೆನ್ಸ್ ಅಂದುಕೊಳ್ಳುತ್ತಾರೆ. ‘ಚದರ ಮೀಟರ್ ಬಳಕೆ’ ಅಂತ ನೇರವಾಗಿ ಅಂದುಬಿಡೋಣ ಅಂತಿದ್ದೇನೆ. ನಮ್ಮ ಜನ ಜಾಗವನ್ನು ಚದರಡಿಯಲ್ಲೇ ಅಳೆಯುವುದು, ಅದು ಬೇರೆ ತಲೆನೋವು. ಒಂದು ಚದರ ಮೀಟರ್ ಅಂದರೆ ಸುಮಾರು 10.76 ಚದರಡಿ ಅಂತ ಅಡಿಟಿಪ್ಪಣಿ ಹಾಕಿದರೆ ಸಾಕು.

‘ತಳ ಲೋಡು’ ಬಗ್ಗೆ ತಕರಾರಿದ್ದರೆ ತಿಳಿಸಿ. ಬೇಸ್‌ಲೈನ್‌ಗೆ ಮಾತ್ರ ನಿಜವಾಗಿ ಸಹಾಯ ಬೇಕು. ರೈತರು, ವ್ಯಾಪಾರಿಗಳು ‘ಹೀಗೆ ಮಾಡದಿದ್ದರೆ ಇಷ್ಟು ಆಗುತ್ತಿತ್ತು’ ಅನ್ನುವ ಲೆಕ್ಕಕ್ಕೆ ನಿಮ್ಮ ಕಡೆ ಏನಾದರೂ ಹೆಸರು ಬಳಸುತ್ತಾರಾ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ಬರೆಯಿರಿ. ಸಿಗದಿದ್ದರೆ ‘ಬೇಸ್‌ಲೈನ್’ ಅಂತಲೇ ಬಿಟ್ಟು, ಮೊದಲ ಬಾರಿ ಬಂದಾಗ ಎರಡು ಸಾಲಿನಲ್ಲಿ ಬಿಡಿಸಿ ಹೇಳುತ್ತೇನೆ.